ಮರ ಬಿತ್ತು, ಹರಕೆ ಎದ್ದಿತು

ಹಣವಿಲ್ಲದವನ ಕಷ್ಟವನ್ನು ಯಾರ ಹತ್ತಿರ ಹೇಳಿಕೊಂಡರೂ ಪಾಪ ಎನ್ನುತ್ತಾರೆ. ಹಣ ಬಂದವನ ಕಷ್ಟವನ್ನು ಹೇಳಿಕೊಂಡರೆ ಮುಖದ ಎದುರೇ ನಗುತ್ತಾರೆ. ಎರಡನ್ನೂ ಅನುಭವಿಸಿದ ನಾನು ಆಣೆ ಹಾಕಿ ಹೇಳುತ್ತೇನೆ, ಎರಡನೆಯದೇ ಹೆಚ್ಚು ಕಷ್ಟ. ಸಂಬಳದ ಹಣಕ್ಕೆ ಒಂದು ಮರ್ಯಾದೆ ಇರುತ್ತದೆ. ಅದಕ್ಕೆ ತಾನು ಹೋಗಬೇಕಾದ ದಾರಿ ಗೊತ್ತು. ಅಕ್ಕಿಯ ಅಂಗಡಿ, ಸೀಮೆಎಣ್ಣೆ, ಅಮ್ಮನ ಕಷಾಯದ ಸಾಮಾನು ಎಂದು ಅದು ತನ್ನಷ್ಟಕ್ಕೆ ಹೊರಟುಬಿಡುತ್ತದೆ. ನಾನು ವಾಮದಪದವಿನ ಶಾಲೆಯಲ್ಲಿ ಮಾಸ್ತರನಾಗಿ ಸೇರಿದ ಮೇಲೆ ಸಂಬಳವನ್ನು ಹೇಗೆ ಖರ್ಚು ಮಾಡಲಿ ಎಂದು ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ. ಕೆಡಿಸಿಕೊಳ್ಳುವಷ್ಟು ಹೊತ್ತು ಅದು ನನ್ನ ಹತ್ತಿರ ನಿಲ್ಲುತ್ತಲೂ ಇರಲಿಲ್ಲ. ಆದರೆ ಕೇಳದೆ, ಕರೆಯದೆ ಮನೆಗೆ ಬಂದು ಕುಳಿತುಕೊಳ್ಳುವ ಹಣವಿದೆಯಲ್ಲ, ಅದು ದೂರದ ನೆಂಟನ ಹಾಗೆ. ಅವನನ್ನು ಎಲ್ಲಿ ಕೂರಿಸುವುದು, ಏನು ಬಡಿಸುವುದು, ಯಾವಾಗ ಕಳಿಸುವುದು ಒಂದೂ ತಿಳಿಯುವುದಿಲ್ಲ.

ನಮ್ಮ ಮನೆಗೆ ಆ ನೆಂಟ ಬಂದದ್ದು ಒಂದು ಹೆಬ್ಬಲಸಿನ ಮರದ ದೆಸೆಯಿಂದ. ಮನೆಯ ಹಿಂದೆ ಅಡುಗೆಮನೆಗೆ ತಾಗಿಕೊಂಡೇ ಅದು ನಿಂತಿತ್ತು. ನಿಂತಿತ್ತು ಎಂದರೆ ಸುಳ್ಳಾಗುತ್ತದೆ, ಬಾಗಿತ್ತು. ನಮ್ಮ ಮನೆ ಹಂಚಿನದೇ ಆದರೂ ಅಡುಗೆಮನೆ ಮಾತ್ರ ಮುಳಿಹುಲ್ಲಿನ ಮಾಡು. ಮರ ಅದರ ಮೇಲೆ ಬಗ್ಗಿ, ಒಳಗೆ ಏನು ಬೇಯುತ್ತಿದೆ ಎಂದು ಇಣುಕಿ ನೋಡುವ ಹಾಗೆ ಕಾಣುತ್ತಿತ್ತು. ಕಡಿಸೋಣವೆಂದರೆ ಕಡಿಯುವಾಗಲೇ ಮನೆಯ ಮೇಲೆ ಬಿದ್ದರೇನು ಗತಿ ಎಂಬ ಹೆದರಿಕೆ. ಕಡಿಸದಿದ್ದರೆ ಗಾಳಿಗೆ ಬಿದ್ದೀತೆಂಬ ಹೆದರಿಕೆ. ಎರಡನೆಯ ಹೆದರಿಕೆಗೆ ಕೂಲಿ ಕೊಡಬೇಕಾಗಿಲ್ಲವಾದ್ದರಿಂದ ನಾವು ಅದನ್ನೇ ಆರಿಸಿಕೊಂಡಿದ್ದೆವು. ಮಳೆಗಾಲ ಹತ್ತಿರವಾದ ಕೂಡಲೇ ಗಾಳಿ ಬೀಸಿದಾಗಲೆಲ್ಲ ಮರ ಕರಕರ ಎನ್ನುವುದು, ಒಳಗೆ ನಾವು ಉಸಿರು ಹಿಡಿದು ಕೂರುವುದು, ಇದು ವರ್ಷವರ್ಷದ ಪಾಡು.

ಆ ವರ್ಷ, ಹೊಸ ಪೈಸೆ ಬಂದು ಊರವರೆಲ್ಲ ಚಿಲ್ಲರೆಯ ಲೆಕ್ಕ ತಪ್ಪುತ್ತಿದ್ದ ಕಾಲ, ವೈಶಾಖದ ಒಂದು ಸಂಜೆ ಎಂಥ ಗಾಳಿ ಬಂತೆಂದರೆ ಅಂಗಳದಲ್ಲಿ ಒಣಗಲು ಹಾಕಿದ್ದ ಹಪ್ಪಳ ನೆರೆಯವರ ಗದ್ದೆಗೆ ಹೋಯಿತು. ಅಮ್ಮ ದೇವರ ಮೂಲೆಯಲ್ಲಿ, ಹೆಂಡತಿ ಕಮಲ ಮಗಳು ಶಶಿಯನ್ನು ತಬ್ಬಿಕೊಂಡು ನಡುಮನೆಯಲ್ಲಿ, ನಾನು ಬಾಗಿಲ ಹತ್ತಿರ. ಮಳೆಗೆ ಸಿಕ್ಕಿ ನಮ್ಮ ಜಗಲಿ ಹತ್ತಿದ್ದ ನೆರೆಯ ಮೋಣಪ್ಪಣ್ಣ ಕಂಬ ಹಿಡಿದುಕೊಂಡು ನಿಂತಿದ್ದ. ಆಕಾಶವೇ ಹರಿದ ಹಾಗೆ ಒಂದು ಸಿಡಿಲು, ಅದರ ಬೆನ್ನಿಗೇ ಧಡಾರೆಂದು ಸದ್ದು. ಹೋಗಿ ನೋಡಿದರೆ ಮರ ಅಡುಗೆಮನೆಗೆ ಬೆನ್ನು ಹಾಕಿ ಆಚೆ ಬದಿಗೆ ಮಲಗಿತ್ತು. ನಷ್ಟವೆಂದರೆ ಒಂದು ಬಸಳೆಯ ಚಪ್ಪರ. ಅಮ್ಮ ಮಳೆಯಲ್ಲೇ ಹೋಗಿ ಮರದ ಬುಡಕ್ಕೆ ಕೈ ಮುಗಿದರು.

ಮರುದಿನವೇ ಸುದ್ದಿ ಹೇಗೋ ಮೂಡುಬಿದಿರೆ ಮುಟ್ಟಿ, ಅಲ್ಲಿಂದ ಮರದ ವ್ಯಾಪಾರಿ ಪದ್ಮಯ್ಯನವರು ಬಂದರು. ಬಿದ್ದ ಮರಕ್ಕೆ ಒಂದು ಸುತ್ತು ಬಂದು, ಕೊಡೆಯ ತುದಿಯಿಂದ ಅಲ್ಲಲ್ಲಿ ಕುಟ್ಟಿ, "ಮಾಷ್ಟ್ರೇ, ಮುನ್ನೂರು ಕೊಡ್ತೇನೆ" ಎಂದರು. ನನ್ನ ನಾಲ್ಕು ತಿಂಗಳ ಸಂಬಳಕ್ಕಿಂತ ಹೆಚ್ಚು! ಸಂತೋಷಕ್ಕೆ ನನ್ನ ಬಾಯಿಯಿಂದ ಮಾತೇ ಹೊರಡಲಿಲ್ಲ. ಪದ್ಮಯ್ಯನವರು ನನ್ನ ಮುಖವನ್ನೇ ನೋಡಿ, "ಆಯ್ತು ಮಾರಾಯ್ರೆ, ಮೇಲೆ ಇಪ್ಪತ್ತೈದು. ಇನ್ನು ನೀವು ಎಷ್ಟು ಹೊತ್ತು ಹೀಗೆ ನಿಂತರೂ ಆಗುವುದಿಲ್ಲ" ಎಂದರು. ನಾನು ಜೀವಮಾನದಲ್ಲಿ ಗೆದ್ದ ಚೌಕಾಸಿ ಅದೊಂದೇ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ರೇಡಿಯೋ ಹಿಡಿಯಿತು. ಬಂಟ್ವಾಳ ಪೇಟೆಯಲ್ಲಿ ಜವಳಿ ಅಂಗಡಿಯೊಂದರಲ್ಲಿ ರೇಡಿಯೋ ಇತ್ತು. ಅದನ್ನು ಕೇಳುವ ಆಸೆಯಿಂದ ನಾನು ಆ ಅಂಗಡಿಯಲ್ಲಿ ಬೇಡದ ಟುವಾಲುಗಳನ್ನು ಎಷ್ಟೋ ಸಲ ಬಿಚ್ಚಿಸಿ ನೋಡಿದ್ದುಂಟು. ಈಗ ಅದು ನನ್ನ ಕಿಟಕಿಯ ಮೇಲೆ ಕೂತು ಹಾಡುವುದನ್ನು, ಊರವರು ಜಗಲಿಯಲ್ಲಿ ಸಾಲಾಗಿ ಕುಳಿತು ಕೇಳುವುದನ್ನು, ನಾನು ಮಾತ್ರ ಅದೇನೂ ದೊಡ್ಡ ವಿಷಯವಲ್ಲವೆಂಬಂತೆ ತಿರುಪು ತಿರುಗಿಸುವುದನ್ನು ನೆನೆದು ಮೈ ಪುಳಕಗೊಂಡಿತು. ಸಂಜೆ ಊಟದ ಹೊತ್ತಿಗೆ ವಿಷಯ ಎತ್ತಿದೆ. ಕರೆಂಟು ಇಲ್ಲದ ಊರಿಗೆ ಬ್ಯಾಟರಿಯದೇ ಬೇಕು, ಏರಿಯಲ್ ತಂತಿ ಕಟ್ಟುವುದಕ್ಕೆ ಒಂದು ಎತ್ತರದ ಮರ ಇದ್ದರಾಯಿತು ಎಂದೆ.

"ಇದ್ದ ಎತ್ತರದ ಮರವನ್ನು ಮಾರಿದ್ದು ನೀವೇ ಅಲ್ಲವಾ?" ಎಂದಳು ಕಮಲ. ಆಮೇಲೆ ಒಂದೇ ಮಾತು ಹೇಳಿದಳು: "ಹಂಚು."

ಅದಕ್ಕೆ ವಿವರಣೆ ಬೇಕಾಗಿರಲಿಲ್ಲ. ಹುಲ್ಲಿನ ಮಾಡಿಗೆ ಪ್ರತಿವರ್ಷ ಹೊಸ ಹುಲ್ಲು ಹೊದಿಸಿದರೂ ಆಟಿ ತಿಂಗಳ ಮಳೆಗೆ ಅದು ಜರಡಿ. ಒಲೆಯ ಮೇಲೆ ನೀರು, ಸೌದೆಯ ಮೇಲೆ ನೀರು. ಸಾರಿಗೆ ನೀರು ಹಾಕುವ ಕೆಲಸವೊಂದನ್ನು ಮಳೆಯೇ ಮಾಡಿಕೊಡುತ್ತದೆ ಎಂದು ಅವಳು ಹೇಳುವುದಿತ್ತು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಬೆನ್ನಿಗೆ ಹೊದೆಯುವ ಓಲೆಯ ಗೊರಬೆ ಇದೆಯಲ್ಲ, ಅದನ್ನು ಹೊದ್ದುಕೊಂಡು ನನ್ನ ಹೆಂಡತಿ ಒಲೆಯ ಮುಂದೆ ಅಡುಗೆ ಮಾಡುತ್ತಿದ್ದಳು. ಬೆಳ್ತಂಗಡಿಯ ಕಡೆಯ ಅವಳ ತವರುಮನೆಯವರು ಒಮ್ಮೆ ಶ್ರಾವಣದಲ್ಲಿ ಬಂದಾಗ ಅವಳು ಅದನ್ನು ಬಚ್ಚಿಟ್ಟು, ಇಡೀ ದಿನ ನೆನೆದುಕೊಂಡೇ ಬಡಿಸಿದ್ದಳು. ರೇಡಿಯೋ ನನ್ನ ಗಂಟಲಲ್ಲೇ ಉಳಿಯಿತು. ಆಗಲಿ, ಹಂಚೇ ಆಗಲಿ ಎಂದೆ. ಹೇಳಿದ ಮೇಲೆ ನನಗೇ ನನ್ನ ಔದಾರ್ಯದ ಬಗ್ಗೆ ಹೆಮ್ಮೆಯಾಯಿತು.

ಆಗ ಅಮ್ಮ ಮೆಲ್ಲಗೆ ಕೆಮ್ಮಿದರು. "ಮಗಾ, ಒಂದು ಸಣ್ಣ ಹರಕೆ ಉಂಟು."

ಮರ ಅಡುಗೆಮನೆಯ ಮೇಲೆ ಬೀಳದೆ ಇರಲಿ ಎಂದು ಹೇಳಿಕೊಂಡ ಹರಕೆ. ಸರಿ, ಒಂದು ತೆಂಗಿನಕಾಯಿಯೋ ಎರಡೋ ಎಂದುಕೊಂಡೆ. ಆದರೆ ಅಮ್ಮ ವರ್ಷವರ್ಷವೂ, ಗಾಳಿಗಾಳಿಗೂ ಒಂದೊಂದು ಹೇಳಿಕೊಂಡಿದ್ದರು. ಪಂಜುರ್ಲಿ ದೈವಕ್ಕೆ ತಂಬಿಲದ ಸೇವೆ, ನಾಗನಿಗೆ ಹಾಲೆರೆಯುವ ತನು, ಊರ ದೇವಸ್ಥಾನದಲ್ಲಿ ರಂಗಪೂಜೆ. ಗಾಳಿ ಬಡಗಣದಿಂದ ಬೀಸಿದ ಒಂದು ವರ್ಷ, ಯಾರ ಸೀಮೆಯ ಗಾಳಿಯೋ ಎಂದು, ಕಾರ್ಕಳದ ಇಗರ್ಜಿಗೆ ಮೇಣದ ಬತ್ತಿ. "ಯಾರು ಕೇಳಿಸಿಕೊಳ್ತಾರೋ ಎಂತದೋ ಅಂತ ಎಲ್ಲರಿಗೂ ಹೇಳಿಟ್ಟೆ" ಎಂದರು.

ನಾನು ಕಮಲನ ಕಡೆ ನೋಡಿದೆ, ನೀನಾದರೂ ಬುದ್ಧಿ ಹೇಳು ಎಂಬ ಅರ್ಥದಲ್ಲಿ. ಅವಳು ತಟ್ಟೆ ನೋಡಿದಳು. ಶಶಿ ತೊಟ್ಟಿಲಲ್ಲಿದ್ದಾಗ ಒಂದು ಗಾಳಿಗೆ ಹೆದರಿ, ಮಗುವಿನ ತೂಕದ ಬೆಲ್ಲ ತುಲಾಭಾರ ಕೊಡುತ್ತೇನೆಂದು ಇವಳೂ ಹೇಳಿಕೊಂಡಿದ್ದಳಂತೆ. ಆಗ ಅದು ಒಂದು ಬುಟ್ಟಿ ಬೆಲ್ಲದ ಮಾತು. ಈಗ ಶಶಿ ನಾಲ್ಕನೇ ಕ್ಲಾಸು, ದೋಸೆಗೆ ಕುಳಿತರೆ ಏಳುವವಳಲ್ಲ. ಸಾಲಕ್ಕೆ ಬಡ್ಡಿ ಬೆಳೆಯುವುದನ್ನು ಕಂಡಿದ್ದೆ, ಹರಕೆ ಹೀಗೆ ಫ್ರಾಕು ಹಾಕಿಕೊಂಡು ಕಣ್ಣೆದುರೇ ಬೆಳೆದದ್ದನ್ನು ಕಂಡದ್ದು ಅಂದೇ. ಅವಳು ಇನ್ನೊಂದು ದೋಸೆಗೆ ಕೈ ಚಾಚಿದಾಗ ನಾನು ತಟ್ಟೆಯನ್ನು ಆಚೆ ಸರಿಸಿದೆ. "ನನ್ನದೂ ಉಂಟು ಅಪ್ಪ" ಎಂದಳು ಅವಳು. "ಗಣಪತಿಗೆ ಒಂದು ಕೊಪ್ಪರಿಗೆ ಪಾಯಸ."

"ಮಾಡುವುದು ಯಾರು?"

"ಅಮ್ಮ."

ಆಗ ನಾನು ಎದ್ದು ನಿಂತು ಭಾಷಣ ಮಾಡಿದೆ. ನಾನು ಏಳನೇ ಕ್ಲಾಸಿಗೆ ವಿಜ್ಞಾನ ಹೇಳುವವನು. ಮರ ಬಿದ್ದದ್ದು ಗಾಳಿಯ ವೇಗದಿಂದ, ಬೇರು ಕೊಳೆತದ್ದರಿಂದ, ಭೂಮಿಯ ಆಕರ್ಷಣೆಯಿಂದ. ಇದರಲ್ಲಿ ಪಂಜುರ್ಲಿಯ ಕೈವಾಡ ಎಲ್ಲಿಂದ ಬಂತು? ಸಂಕಟ ಬಂದಾಗ ವೆಂಕಟರಮಣ ಎನ್ನುವ ಜನ ಎಂದಾದರೂ ಮುಂದೆ ಬಂದಾರೆಯೇ? ನಮ್ಮ ಮನೆಯಲ್ಲಾದರೂ ಒಬ್ಬನಿಗೆ ಧೈರ್ಯವಿತ್ತಲ್ಲ, ಅಷ್ಟು ಸಾಕು. ಭಾಷಣ ಚೆನ್ನಾಗಿಯೇ ಇತ್ತು. ಕಮಲ ಕೈ ತೊಳೆದು ಬಂದು, "ಆಯ್ತಾ ಪಾಠ? ಹಾಗಾದ್ರೆ ಆ ಇನ್ನೊಂದು ಹರಕೆಯನ್ನೂ ಸೇರಿಸಿಬಿಡಿ" ಎಂದಳು. ಮನೆಯಲ್ಲಿ ನಾವು ಆಡುವುದು ತುಳು. ತುಳುವಿನಲ್ಲಿ ಅವಳ ಮಾತಿಗೆ ಇನ್ನೂ ಸ್ವಲ್ಪ ಖಾರವಿತ್ತು.

"ಇನ್ನೊಂದು ಎಂತದು? ಯಾರದ್ದು?"

"ಆಟದ್ದು."

ಭಾಷಣಕ್ಕೆ ಎದ್ದು ನಿಂತಿದ್ದವನು ಮೆಲ್ಲಗೆ ಕುಳಿತುಕೊಂಡೆ. ಮರ ಬಿದ್ದ ಆ ಸಂಜೆ ಸಿಡಿಲು ಹೊಡೆಯುವ ಮೊದಲು ನನ್ನ ಮನಸ್ಸಿನಲ್ಲಿ ಒಂದು ಮಾತು ಹಾದುಹೋದದ್ದು ನಿಜ. ಮನೆ ಉಳಿದರೆ ಒಂದು ಯಕ್ಷಗಾನದ ಆಟ ಆಡಿಸುತ್ತೇನೆ ಎಂದು. ಆದರೆ ಅದು ಮನಸ್ಸಿನಲ್ಲಿ, ನನಗೂ ದೇವರಿಗೂ ಮಾತ್ರ ಗೊತ್ತಿರುವ ಮಾತು ಎಂದು ನಾನು ನಂಬಿದ್ದೆ. "ಮನಸ್ಸಿನಲ್ಲಾ?" ಎಂದಳು ಕಮಲ. "ಗುಡುಗಿಗಿಂತ ಮೇಲೆ ಬೊಬ್ಬೆ ಹೊಡೆದಿದ್ದೀರಿ. ಇಡೀ ರಾತ್ರಿಯ ಆಟ, ಮನೆಯೆದುರಿನ ಗದ್ದೆಯಲ್ಲಿ, ಊರಿಗೆಲ್ಲ ಚಹಾ."

"ಚಹಾ ನಾನು ಹೇಳಲಿಲ್ಲ!"

"ಚಹಾ ಸೇರಿಸಿದ್ದು ಮೋಣಪ್ಪಣ್ಣ, ಜಗಲಿಯಿಂದ. 'ಚಹಾ ಕೂಡಾ ಹೇಳಿ ಮಾಷ್ಟ್ರೇ' ಅಂದ್ರು. ನೀವು 'ಆಯ್ತು, ಆಯ್ತು, ಚಹಾ ಕೂಡಾ' ಅಂದ್ರಿ."

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಎಲ್ಲರ ಹರಕೆಗಿಂತ ದೊಡ್ಡ ಹರಕೆ ವಿಜ್ಞಾನದ ಮಾಸ್ತರನದ್ದು! ಮೇಳಕ್ಕೆ ವೀಳ್ಯದ ಹಣ, ಚಪ್ಪರ, ಗ್ಯಾಸ್‌ಲೈಟು, ಕಲಾವಿದರಿಗೆಲ್ಲ ಊಟ. ಮರ ಮಾರಿದ ಹಣ ಅದೊಂದಕ್ಕೇ ಸಾಲದು. ಇನ್ನು ಹಂಚಿನ ಮಾತೆಲ್ಲಿ? ಅಮ್ಮನಿಗಂತೂ ಭಯ. ಹೇಳಿಕೊಂಡದ್ದನ್ನು ಬಿಟ್ಟು ಬೇರೆ ಖರ್ಚು ಮಾಡಿದರೆ ದೈವ ಬಿಟ್ಟೀತೇ ಎಂದು ಹಣದ ಡಬ್ಬಿಯನ್ನು ದೇವರ ಮೂಲೆಗೆ ಒಯ್ದಿಟ್ಟು, ಯಾರೂ ಮುಟ್ಟಬಾರದೆಂದರು.

ನೋಡನೋಡುತ್ತ, ಮೇಳಗಳ ವರ್ಷದ ತಿರುಗಾಟ ಮುಗಿಯುವ ಪತ್ತನಾಜೆ ಹತ್ತಿರ ಬಂತು. ಪಡುವಣದಲ್ಲಿ ಮೋಡ ಕಟ್ಟತೊಡಗಿತು. ಒಂದು ಬೆಳಿಗ್ಗೆ ಕಮಲ ಏನೂ ಹೇಳದೆ ಅಟ್ಟದಿಂದ ಗೊರಬೆ ಇಳಿಸಿ, ಅಂಗಳದಲ್ಲಿ ಕುಟ್ಟಿ ಧೂಳು ತೆಗೆದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ನಾನು ಶಾಲೆಗೆ ಹೊತ್ತಾಯಿತೆಂದು ಗಂಜಿಯನ್ನೂ ಉಣ್ಣದೆ ಓಡಿದೆ. ಬೇಸಿಗೆ ರಜೆ ಇನ್ನೂ ಮುಗಿದಿಲ್ಲವೆಂದು ನೆನಪಾದದ್ದು ಶಾಲೆಯ ಬಾಗಿಲಲ್ಲಿ.

ವಾಪಸು ಬರುವಾಗ ಅತ್ತೆ ಸೊಸೆ ದೇವರ ಮೂಲೆಯಲ್ಲಿ ಕುಳಿತಿದ್ದರು. ಕಮಲನ ಮಡಿಲಲ್ಲಿ ಅರಸಿನದಲ್ಲಿ ಅದ್ದಿದ ಬಟ್ಟೆಯ ತುಂಡುಗಳು. "ಮುಡಿಪು ಕಟ್ಟಿಡುವ ಅತ್ತೆ" ಎನ್ನುತ್ತಿದ್ದಳು. ಹರಕೆ ಸಲ್ಲಿಸುವುದು ತಡವಾದರೆ ಒಂದು ನಾಣ್ಯವನ್ನು ಅರಸಿನ ಬಟ್ಟೆಯಲ್ಲಿ ಕಟ್ಟಿಟ್ಟು, ಮರೆತಿಲ್ಲ, ಸಲ್ಲಿಸುತ್ತೇವೆ ಎಂದು ಕೈ ಮುಗಿಯುವ ಕ್ರಮ ನಮ್ಮಲ್ಲಿದೆ.

ಅಮ್ಮ ಅನುಮಾನಿಸಿದರು. "ಹಣ ಕೈಯಲ್ಲಿಟ್ಟುಕೊಂಡು ಮುಡಿಪು ಕಟ್ಟಿದ್ರೆ ದೈವ ಕೇಳುದಿಲ್ಲವಾ?"

"ಹರಕೆ ಹೇಳಿದ್ದು ಎಂತದಕ್ಕೆ ಅತ್ತೆ? ಅಡುಗೆಮನೆ ಉಳಿಯಲಿ ಅಂತ. ದೈವ ಉಳಿಸಿಕೊಟ್ಟ ಅಡುಗೆಮನೆಯನ್ನು ನಾವು ಮಳೆಗೆ ಬಿಟ್ಟು ಕೊಳೆಸಿದ್ರೆ ದೈವಕ್ಕೆ ಸಿಟ್ಟು ಬರುದಿಲ್ಲವಾ? ದೇವರು ಕಾಯ್ತಾರೆ. ಮಳೆ ಕಾಯುದಿಲ್ಲ."

ಅಮ್ಮ ತಿರುಗಿ ನನ್ನನ್ನು ನೋಡಿದರು. "ಶಾಲೆಗೆ ಇವಳನ್ನು ಕಳಿಸಬೇಕಿತ್ತು" ಎಂದರು. ಆಮೇಲೆ ನಾಣ್ಯದ ಚರ್ಚೆಯಾಯಿತು. ಹೊಸ ಪೈಸೆಯನ್ನು ದೈವ ಲೆಕ್ಕಕ್ಕೆ ಹಿಡಿಯುತ್ತದೋ ಇಲ್ಲವೋ, ಯಾಕೆ ಬೇಕು ತಕರಾರು ಎಂದು ಅಮ್ಮ ತಮ್ಮ ಗಂಟಿನಿಂದ ಹಳೆಯ ನಾಲ್ಕಾಣೆಯ ಪಾವಲಿಗಳನ್ನೇ ತೆಗೆದುಕೊಟ್ಟರು. ನನ್ನ ಆಟದ ಮುಡಿಪನ್ನು ಕಮಲ ಎಲ್ಲಕ್ಕಿಂತ ಬಿಗಿಯಾಗಿ ಕಟ್ಟಿದಳು. ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿ ಕಳೆದು. ಅಲ್ಲಿಯವರೆಗೆ ದೇವರೇ ಬಂದು ಕೇಳಿದರೂ ಆಟವಿಲ್ಲ.

ಹಂಚು ಬಂಟ್ವಾಳದಿಂದ ಎತ್ತಿನ ಗಾಡಿಯಲ್ಲಿ ಬಂತು. ಆಚಾರಿಗಳು ಮಾಡಿಗೆ ಮರದ ಪಕ್ಕಾಸು, ರೀಪು ಹೊಡೆದು ಕೊನೆಯ ಸಾಲು ಹೊದಿಸಿ ಇಳಿಯುವುದಕ್ಕೂ ಮೊದಲ ದೊಡ್ಡ ಮಳೆ ಸುರಿಯುವುದಕ್ಕೂ ಸರಿಯಾಯಿತು. ನಾವು ಮನೆಯವರೆಲ್ಲ ಅಡುಗೆಮನೆಗೆ ಓಡಿ, ಬಾಯಿ ತೆರೆದು ಮೇಲೆ ನೋಡುತ್ತ ನಿಂತೆವು. ಹಂಚಿನ ಮೇಲೆ ಮಳೆ ಹುಯ್ಯುತ್ತಿದೆ, ಒಳಗೆ ಒಂದು ಹನಿ ಇಲ್ಲ! ಕಮಲ ಸೊಂಟಕ್ಕೆ ಕೈ ಕೊಟ್ಟು ಮಾಡನ್ನು ನೋಡಿ, "ಬೀಳು ನೋಡುವ, ಒಂದು ಹನಿ ಬೀಳು!" ಎಂದು ಮಳೆಗೆ ಸವಾಲು ಹಾಕಿ ನಕ್ಕಳು. ಶಶಿ ಕುಣಿದಳು, ಅಮ್ಮ ಅವಳ ಜೊತೆ ಕೈತಟ್ಟಿದರು. ಆ ದಿನ ನಾವು ನೀರುದೋಸೆಯನ್ನು ಒಲೆಯ ಸುತ್ತ ಕುಳಿತು, ಬಿಸಿಬಿಸಿ, ಹೊಟ್ಟೆ ಬಿರಿಯುವಷ್ಟು ತಿಂದೆವು. ತುಲಾಭಾರದ ಯೋಚನೆ ಬಿಟ್ಟು ಶಶಿಗೆ ನಾನೇ ಮತ್ತೆರಡು ಹಾಕಿದೆ. ಮದುವೆಯ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಹಾಗೆಂದು ಗಟ್ಟಿಯಾಗಿ ಹೇಳಲು ಹೋಗಲಿಲ್ಲ. ಗಟ್ಟಿಯಾಗಿ ಹೇಳುವುದರ ಫಲ ಏನೆಂದು ಅಷ್ಟರಲ್ಲಿ ಗೊತ್ತಾಗಿತ್ತು.

ದೇವರು ಕಾಯುತ್ತಾರೆ ಎಂದು ಕಮಲ ಹೇಳಿದ್ದು ಅಕ್ಷರಶಃ ನಿಜ. ಇಂದಿನವರೆಗೆ ಯಾವ ದೇವರೂ ಯಾವ ದೈವವೂ ನನ್ನನ್ನು ಒಂದು ಮಾತು ಕೇಳಿಲ್ಲ. ಕಾಯದವರು ಊರಿನವರು. ದೀಪಾವಳಿ ಕಳೆದದ್ದೇ ತಡ, ಮೋಣಪ್ಪಣ್ಣ ಗದ್ದೆಯಲ್ಲಿ ವೇಷ ಕಟ್ಟುವ ಚೌಕಿ ಎಲ್ಲಿ, ರಂಗಸ್ಥಳ ಎಲ್ಲಿ ಎಂದು ಹೆಜ್ಜೆ ಹಾಕಿ ನೋಡಿಹೋದ. ಯಾವ ಪ್ರಸಂಗ ಆಗಬೇಕೆಂದು ಅಂಗಡಿಯ ಜಗಲಿಯಲ್ಲಿ ಎರಡು ಪಕ್ಷಗಳಾಗಿ ಮಾತು ಬಿಟ್ಟವರಿದ್ದಾರೆ. ಬಸ್ಸಿನ ಕಂಡಕ್ಟರು ನನಗೆ ಚೀಟಿ ಕೊಡುವಾಗ, "ಆ ದಿನ ನಾನು ರಜೆ ಹಾಕ್ತೇನೆ ಮಾಷ್ಟ್ರೇ, ಮೊದಲೇ ಹೇಳಿ" ಎನ್ನುತ್ತಾನೆ. ಮೊನ್ನೆ ಏಳನೇ ಕ್ಲಾಸಿನಲ್ಲಿ, ಮೇಲೆ ಎಸೆದ ಕಲ್ಲು ಕೆಳಗೇ ಏಕೆ ಬೀಳುತ್ತದೆ ಎಂದು ಒಂದು ಗಂಟೆ ವಿವರಿಸಿ, ಯಾರಿಗಾದರೂ ಸಂಶಯ ಇದೆಯೇ ಎಂದು ಕೇಳಿದೆ. ಇಡೀ ಕ್ಲಾಸು ಒಟ್ಟಿಗೆ ಕೈ ಎತ್ತಿತು.

"ಸಾರ್, ಆಟ ಯಾವಾಗ?"

ನಾನು ಪುಸ್ತಕ ಮುಚ್ಚಿದೆ. ಎರಡೂ ಕೈ ಎತ್ತಿ, ಕಣ್ಣು ಮೇಲೆ ಮಾಡಿ, "ಎಲ್ಲ ದೇವರ ಚಿತ್ತ ಮಕ್ಕಳೇ" ಎಂದೆ. ಮಕ್ಕಳು ಕೂಡಲೇ ನಂಬಿದರು. ಕಲ್ಲಿನ ವಿಷಯವನ್ನು ಇನ್ನೂ ನಂಬಿಲ್ಲ.