ಎಣಿಕೆಯ ದಿನ ಅಲ್ಲಾಡದೆ ನಿಂತವಳು

ಹಲಸೂರಿನ ದಾಖಲೆ ಸಂರಕ್ಷಣಾ ಸ್ನಾತಕೋತ್ತರ ಕೇಂದ್ರದ ನಿಯಮದ ಪ್ರಕಾರ, ಎಣಿಕೆಯ ದಿನ ದಾಖಲೆ ಕೋಣೆಯೊಳಗೆ ಅಲ್ಲಾಡದೆ ಇರುವುದೆಲ್ಲ ದಾಖಲೆ. ಅಲ್ಲಾಡುವುದು ಸಿಬ್ಬಂದಿ, ಇಲ್ಲವೇ ಇಲಿ. ನಿಯಮ ಬರೆದವರು ನಿರ್ದೇಶಕರಾದ ಪಂಚಾಕ್ಷರಯ್ಯನವರು. ಎರಡು ಕನ್ನಡಕ ಇಟ್ಟುಕೊಂಡ ಮನುಷ್ಯ, ತಪ್ಪು ಬರೆಯುತ್ತಾರೆಯೇ?

ಹಳೇ ಕಾಗದ, ನಕ್ಷೆ, ಪತ್ರಗಳನ್ನು ಕಾಪಾಡುವುದು ಹೇಗೆ ಅಂತ ಅಲ್ಲಿ ಎರಡು ವರ್ಷ ಕಲಿಸುತ್ತಾರೆ. ನಮ್ಮತ್ತೆ ಟ್ರಂಕಿಗೆ ಬೇವಿನೆಲೆ ಹಾಕಿ ಮನೆಪತ್ರ ಇಡ್ತಿರಲಿಲ್ಲವೇ, ಅದಕ್ಕೂ ಎಂ.ಎ. ಬೇಕಾ ಅಂತ ಕಾವಲುಗಾರ ಹಂಪಣ್ಣನನ್ನು ಕೇಳಿದೆ. ‘ಅಜ್ಜಿ, ಇದು ಸೈನ್ಸು’ ಅಂದ. ಆಗಲಪ್ಪ, ಸೈನ್ಸು.

ಅಲ್ಲಿ ಓದುತ್ತಿದ್ದವಳು ಶಿವಾಜಿನಗರದ ನಾಜಿಶ್. ಅವಳಮ್ಮ ಇಮಾಮ್ ಬೀ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ಸೀರೆ ಕುಚ್ಚು ಕಟ್ಟಿಕೊಟ್ಟು ಮಗಳನ್ನು ಓದಿಸಿದವಳು. ಹುಡುಗಿಗೆ ಒಂದೇ ಕೆಟ್ಟ ಚಾಳಿ: ಪಾಠದಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಮಾಡೋದು. ಎಣಿಕೆಯ ದಿನ ಸಿಬ್ಬಂದಿಯೆಲ್ಲ ಟೀ ಅಂತ, ಬೋಂಡ ಅಂತ ಓಡಾಡುತ್ತಿದ್ದರೆ, ಎಣಿಸುವಾಗ ಅಲ್ಲಾಡಬಾರದು ಅಂತ ಪಾಠದಲ್ಲಿ ಕೇಳಿದ್ದ ಇವಳೊಬ್ಬಳು ಕಪಾಟುಗಳ ನಡುವೆ ಉಸಿರು ಬಿಗಿಹಿಡಿದು ನಿಂತಳು. ಎಣಿಸೋ ಗುಮಾಸ್ತ ಪ್ರಭುಲಿಂಗ ಎಲ್ಲದಕ್ಕೂ ನಂಬರು ಚೀಟಿ ಅಂಟಿಸುತ್ತ ಬಂದ. ಇವಳ ದುಪಟ್ಟಾಕ್ಕೂ ಒಂದು ಅಂಟಿಸಿ ಮುಂದಕ್ಕೆ ಹೋದ.

ಎಣಿಕೆ ಮುಗಿದ ಮೇಲೆ ಹುಡುಗಿ ಬಾಯಿ ಬಿಟ್ಟಳು. ‘ರೀ, ನಾನು ಸ್ಟೂಡೆಂಟು.’

‘ಎಣಿಸುವಾಗ್ಲೇ ಹೇಳ್ಬೇಕಿತ್ತಮ್ಮ,’ ಅಂದ ಪ್ರಭುಲಿಂಗ.

‘ಎಣಿಸುವಾಗ ಮಾತಾಡ್ಬಾರ್ದು ಅಂತ ರೂಲ್ಸ್ ಇದೆಯಲ್ಲ!’

‘ಗೊತ್ತಿದ್ದೂ ನನ್ನ ಕೇಳ್ತೀಯಲ್ಲ, ಮತ್ತೆ?’

ಚೀಟಿ ಅಲ್ಲೇ ಕಿತ್ತು ಬಿಸಾಕಬಹುದಿತ್ತು ಅಂತೀರಿ. ಆಗುವುದಿಲ್ಲ. ಯಾಕೆಂದರೆ ಎಷ್ಟೋ ವರ್ಷಗಳಿಂದ ಆ ಕೋಣೆಯ ಲೆಕ್ಕದಲ್ಲಿ ಒಂದು ಕಮ್ಮಿ ಬೀಳುತ್ತಿತ್ತು. ಕಮ್ಮಿ ಇದ್ದದ್ದು ದಂಡು ಪ್ರದೇಶದ ಒಂದು ಹಳೇ ನಕ್ಷೆ. ಅದು ಎಲ್ಲಿದೆ ಅನ್ನುವುದು ಯಾರಿಗೂ ಗೊತ್ತಿಲ್ಲ. ಅಂದರೆ ಇಂದಿರಾನಗರದಲ್ಲಿ, ನಿರ್ದೇಶಕರ ಅಳಿಯ ಗುರುಕಿರಣನ ಬಾರಿನಲ್ಲಿ, ಗಲ್ಲಾದ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ಪಕ್ಕದಲ್ಲಿ ಲೈಟು ಬೇರೆ ಹಾಕಿಸಿಕೊಂಡು ಇದೆ. ನಾನು ಕಣ್ಣಾರೆ ನೋಡಿದ್ದಲ್ಲ. ನೋಡಿದವರು ನಮ್ಮನೆ ಜಗಲಿ ಮೇಲೆ ಕೂತು, ಕಾಫಿ ಕುಡಿದು, ಹೇಳಿ ಹೋಗಿದ್ದಾರೆ. ಈ ಸಲ ನಾಜಿಶ್ ಸೇರಿ ಲೆಕ್ಕ ಸರಿಹೋಯಿತು. ನಿರ್ದೇಶಕರು ಎಲ್ಲರಿಗೂ ಮೈಸೂರುಪಾಕು ಹಂಚಿದರು.

ಹುಡುಗಿಯ ಪ್ರಾಣ ಇದ್ದದ್ದು ಬೇರೆ ಕಡೆ. ಕೇಂದ್ರದ ದಾಖಲೆ ಅಧಿಕಾರಿ ಹುದ್ದೆ ಖಾಲಿ ಇತ್ತು. ಶುಕ್ರವಾರ ಮಹಡಿ ಮೇಲೆ ಇಂಟರ್‌ವ್ಯೂ. ಅಮ್ಮನ ಕಣ್ಣು ದಾರ ಪೋಣಿಸಿ ಪೋಣಿಸಿ ಮಂಜಾಗಿತ್ತು. ಈ ಕೆಲಸ ಸಿಕ್ಕರೆ ಸೂಜಿ ಬಿಡಿಸಬೇಕು ಅಂತ ಮಗಳ ಆಸೆ.

‘ಸರ್, ಈ ಚೀಟಿ ತೆಗೆಸಿಬಿಡಿ, ನಾನು ಮೇಲೆ ಹೋಗ್ಬೇಕು,’ ಅಂದಳು.

‘ಚೀಟಿ ತೆಗೆಯೋಕೆ ಸಮಿತಿ ಬೇಕಮ್ಮ,’ ಅಂದರು ಪಂಚಾಕ್ಷರಯ್ಯ. ‘ಸಮಿತಿಯಲ್ಲಿ ದಾಖಲೆ ಅಧಿಕಾರಿ ಇರ್ಲೇಬೇಕು. ಆ ಹುದ್ದೆ ಖಾಲಿ ಇದೆ.’

‘ಆ ಹುದ್ದೆಗೇ ಸರ್ ನಾನು ಹೋಗ್ತಿರೋದು!’

‘ಒಳ್ಳೇದಾಗ್ಲಿ. ಆದರೆ ಹೊಸ್ತಿಲು ದಾಟ್ಬೇಡ. ದಾಟಿದರೆ ಸಾರ್ವಜನಿಕ ಸ್ವತ್ತಿನ ಕಳವು. ಕಳ್ಳಿಯೂ ನೀನೇ, ಮಾಲೂ ನೀನೇ. ಪೊಲೀಸರಿಗೆ ಹುಡುಕೋ ಕೆಲಸವೂ ಇರಲ್ಲ.’

ಸಂಜೆ ಬಾಗಿಲಿಗೆ ಪ್ರಕಟಣೆ ಬಿತ್ತು: ‘ಈ ಸಾಲಿನ ಹೊಸ ದಾಖಲೆಯನ್ನು ಸಾರ್ವಜನಿಕರು ಕಚೇರಿ ವೇಳೆಯಲ್ಲಿ ವೀಕ್ಷಿಸಬಹುದು. ಮುಟ್ಟತಕ್ಕದ್ದಲ್ಲ. ಅಳತಕ್ಕದ್ದಲ್ಲ, ತೇವದಿಂದ ಹಾನಿಯಾಗುತ್ತದೆ.’

ಮಾರನೇ ದಿನ ಇಮಾಮ್ ಬೀ ಬಿರಿಯಾನಿ ಡಬ್ಬಿ ಹಿಡಿದು ಬಂದಳು. ‘ಯಾ ಅಲ್ಲಾ, ಎಲ್ಲಿ ನನ್ನ ಬೇಟಿ?’ ಅಂತ ರಸ್ತೆಗೆಲ್ಲ ಕೇಳಿಸುವಂತೆ ಕೂಗಿದಳು. ಹಂಪಣ್ಣ ವಿನಯದಿಂದ ಸಂಶೋಧಕರ ಅರ್ಜಿ ಕೊಟ್ಟ. ಸಂಶೋಧನೆಯ ಉದ್ದೇಶ ಅನ್ನೋ ಕಡೆ ಅವಳು ‘ಊಟ ಮಾಡಿದಳಾ ಇಲ್ಲವಾ’ ಅಂತ ಹೇಳಿ ಬರೆಸಿದಳು. ಒಳಗೆ ಬಿಟ್ಟರು. ಡಬ್ಬಿ ಬಿಡಲಿಲ್ಲ, ಎಣ್ಣೆ ಪದಾರ್ಥ ದಾಖಲೆಗೆ ಆಗದು. ಬಿರಿಯಾನಿಯನ್ನು ಸಿಬ್ಬಂದಿ ಕೂಲಂಕಷವಾಗಿ ಪರಿಶೀಲಿಸಿ ಡಬ್ಬಿಯನ್ನು ತೊಳೆದು ಹಿಂದಿರುಗಿಸಿದರು. ನಿರ್ದೇಶಕರು ಮುಟ್ಟಲಿಲ್ಲ. ಅವರು ಸಸ್ಯಾಹಾರಿ, ಬಲು ನಿಷ್ಠೆಯವರು. ದಾಖಲೆಗೆ ಇಡ್ಲಿ ಮಂಜೂರಾಯಿತು, ಚಟ್ನಿ ಬಿಟ್ಟು.

ಶುಕ್ರವಾರ ದಾಖಲೆ ಮಹಡಿ ಹತ್ತುವಂತಿಲ್ಲವಾದ್ದರಿಂದ ಆಯ್ಕೆ ಮಂಡಳಿಯೇ ಕೆಳಗಿಳಿದು ಬಂತು. ಅಧ್ಯಕ್ಷೆ ಆಶಾರಾಣಿಯವರು ಕುರ್ಚಿ ಎಳೆದು ಕೂತು ಕೇಳಿದರು, ‘ಹಳೇ ನಕ್ಷೆಗಳಿಗೆ ಎಲ್ಲಕ್ಕಿಂತ ದೊಡ್ಡ ಶತ್ರು ಯಾವುದಮ್ಮ?’

ಗೆದ್ದಲು ಅನ್ನಬಹುದಿತ್ತು. ಬೂಷ್ಟು ಅನ್ನಬಹುದಿತ್ತು. ನಾಜಿಶ್, ‘ಅಳಿಯ,’ ಅಂದಳು.

ಪಂಚಾಕ್ಷರಯ್ಯನವರಿಗೆ ಕೆಮ್ಮು ಬಂತು. ಆಶಾರಾಣಿಯವರು ಮಗಳ ಹುಟ್ಟುಹಬ್ಬವನ್ನು ಅದೇ ಇಂದಿರಾನಗರದ ಬಾರಿನಲ್ಲಿ ಮಾಡಿದವರು, ಬಿಲ್ಲು ಅವರು ಕೇಳಿರಲಿಲ್ಲ, ಗುರುಕಿರಣ ಕೊಟ್ಟಿರಲೂ ಇಲ್ಲ. ಪಕ್ಕದವರ ಕಡೆ ತಿರುಗಿ, ‘ತೇವ ಅಂತ ಬರ್ಕೊಳ್ಳಿ. ಸರಿಯಾದ ಉತ್ತರ. ಹುಡುಗಿ ಚುರುಕು,’ ಅಂದರು. ಬೇರೆ ಯಾರೂ ಪಾಸಾಗಿರಲಿಲ್ಲ. ಅವಳೇ ಆಯ್ಕೆಯಾದಳು.

ಅಧಿಕಾರ ವಹಿಸಿಕೊಂಡ ಕ್ಷಣವೇ ನಾಜಿಶ್ ದುಪಟ್ಟಾದ ಚೀಟಿ ಮೇಲೆ ಉಗುರಿಟ್ಟಳು. ‘ಸರ್, ಈಗ ಸಮಿತಿಗೆ ಅಧಿಕಾರಿ ನಾನೇ. ತೆಗೀತೀನಿ.’

‘ಧಾರಾಳವಾಗಿ ತೆಗಿ,’ ಅಂದರು ನಿರ್ದೇಶಕರು, ಕನ್ನಡಕ ಬದಲಾಯಿಸಿಕೊಂಡು. ‘ಲೆಕ್ಕದಲ್ಲಿ ಒಂದು ಕಮ್ಮಿ ಬೀಳತ್ತೆ. ಕಮ್ಮಿ ಬಿದ್ರೆ ಹೊಣೆ ದಾಖಲೆ ಅಧಿಕಾರಿದು. ಕೆಲಸ ಹೋಗತ್ತೆ, ಕೇಸೂ ಆಗತ್ತೆ. ಇಷ್ಟು ದಿನ ಹುದ್ದೆ ಯಾಕೆ ಖಾಲಿ ಇತ್ತು ಅಂದ್ಕೊಂಡೆ, ಮಗಳೇ?’

ಕಿಟಕಿಯಾಚೆ ಅವಳಮ್ಮ ಫುಟ್‌ಪಾತಿನಲ್ಲಿ ಕೂತು, ಸೀರೆ ಸೆರಗನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ಕುಚ್ಚು ಕಟ್ಟುತ್ತಿದ್ದಳು. ನಾಜಿಶ್ ಚೀಟಿಯ ಎದ್ದ ಅಂಚಿಗೆ ಸ್ವಲ್ಪ ಗೋಂದು ಸವರಿ ಒತ್ತಿಕೊಂಡಳು.

ಈಗ ಎಲ್ಲ ಸುಸೂತ್ರ. ಸಂಜೆ ಅಧಿಕಾರಿ ನಾಜಿಶ್ ಹಾಜರಿ ಯಂತ್ರಕ್ಕೆ ಹೆಬ್ಬೆರಳೊತ್ತಿ ಕೆಲಸ ಮುಗಿಸುತ್ತಾಳೆ. ದಾಖಲೆ ಸ್ವಸ್ಥಾನದಲ್ಲಿದೆ ಅಂತ ಸಹಿ ಮಾಡುತ್ತಾಳೆ. ಒಳಗಿನಿಂದ ಬಾಗಿಲು ಹಾಕಿಕೊಂಡು ಬೀಗದಕೈಯನ್ನು ಕಿಟಕಿಯಿಂದ ಹಂಪಣ್ಣನಿಗೆ ಕೊಡುತ್ತಾಳೆ. ಇಮಾಮ್ ಬೀ ಸೂಜಿ ಬಿಟ್ಟಿದ್ದಾಳೆ. ‘ಮಗಳು ಆಫೀಸರು. ಆಫೀಸು ಬಿಟ್ಟು ಆಚೆ ಈಚೆ ಹೋಗೋಳಲ್ಲ,’ ಅಂತ ಬೀದಿಯಲ್ಲೆಲ್ಲ ಹೇಳುತ್ತಾಳೆ. ಸುಳ್ಳೇನಿಲ್ಲವಲ್ಲ.

ಈ ವರ್ಷ ಕೇಂದ್ರಕ್ಕೆ ಅರ್ಜಿಗಳು ರಾಶಿ ಬಿದ್ದಿವೆ. ಮೊನ್ನೆ ಜೋಗುಪಾಳ್ಯದ ನರೇಶ್ ಮಗಳನ್ನು ಕರಕೊಂಡು ಬಂದು ನಿರ್ದೇಶಕರ ಮುಂದೆ ಕೈಮುಗಿದ. ‘ಸಾರ್, ಮನೆ ಬಾಡಿಗೆ ಕಟ್ಟಿ ಸಾಕಾಯ್ತು. ನಮ್ಮ ಹುಡುಗಿಗೂ ಒಂದು ನಂಬರು ಹಾಕಿಸ್ಕೊಡಿ. ಚಟ್ನಿ ಇಲ್ದಿದ್ರೂ ತಿಂತಾಳೆ.’

ಪಂಚಾಕ್ಷರಯ್ಯನವರು ಅವನ ಬೆನ್ನು ತಟ್ಟಿದರು. ‘ಸದ್ಯಕ್ಕೆ ಲೆಕ್ಕ ಭರ್ತಿ ಇದೆಯಪ್ಪ. ನಮ್ಮ ಅಳಿಯಂದಿರು ಮಹದೇವಪುರದಲ್ಲಿ ಬಾರಿಂದು ಇನ್ನೊಂದು ಬ್ರಾಂಚು ತೆಗೀತಾ ಇದಾರೆ. ಗೋಡೆ ದೊಡ್ಡದು, ಖಾಲಿ ಇದೆ ಅಂತಿದ್ರು. ದಸರಾ ಕಳೀಲಿ, ನೋಡೋಣ.’