ನಾನು ಸ್ವಿಟ್ಜರ್ಲೆಂಡ್ ಆಗೋಕೆ ಹೋಗಿ

ಅಯ್ಯೋ, ಹೇಳಿದ್ರೆ ನಂಬಲ್ಲ ನೀವು! ಅರ್ಧ ಗಂಟೆ ಹಿಂದೆ ನಾನಿರೋ ಮನೇಲಿ ಚುನಾವಣೆ ನಡೀತು! ಓಟು ಹಾಕೋರು ಮೂರೇ ಮೂರು ಜನ, ಅದ್ರಲ್ಲೇ ನಾನು ಮುಗ್ದೋದೆ. ಸ್ಯಾನ್ ಡಿಯಾಗೋದಲ್ಲಿ ಸ್ವಿಟ್ಜರ್ಲೆಂಡ್ ಸರ್ಕಾರದ ಮೇಲೆ ಪಿಎಚ್‌ಡಿ ಮಾಡ್ತಿದೀನಿ ನೋಡಿ. ಆ ದೇಶ ಯಾರ ತಂಟೆಗೂ ಹೋಗಲ್ಲ, ನನ್ನ ತಂಟೆಗೆ ಮಾತ್ರ ಬರ್ತಾನೇ ಇರತ್ತೆ.

ಏಳು ಜನ

ಇದೇ ಊರಿನ ರಾಂಚೊ ಬರ್ನಾರ್ಡೊ ಬಡಾವಣೇಲಿ ಉಡುಪಿ ಕಡೆಯ ಅಂಕಲ್-ಆಂಟಿ ಮನೇಲಿ ಒಂದು ರೂಮಲ್ಲಿದೀನಿ. ಬಂದ ದಿನಾನೇ ಅಂಕಲ್ ಕೇಳಿದ್ರು, "ಅಲ್ಲಿ ಪ್ರೆಸಿಡೆಂಟ್ ಯಾರು ಮಾರಾಯ?"

"ಏಳು ಜನ ಸೇರಿ ಆಳ್ತಾರೆ ಅಂಕಲ್. ಪ್ರೆಸಿಡೆಂಟ್ ಕುರ್ಚಿ ವರ್ಷಕ್ಕೊಬ್ರಿಗೆ."

"ಏಳು ಜನ ಒಟ್ಟಿಗಾ? ನಮ್ಮ ಗಣೇಶನ ಕಮಿಟಿಯಲ್ಲಿ ಇದ್ದದ್ದೇ ಮೂರು ಜನ. ಈಗ ಎರಡು ಗಣೇಶ ಕೂರ್ತಾನೆ!"

ಹೆಂಗಸರ ಓಟು

ಒಂದಿನ ಊಟಕ್ಕೆ ಕೂತಾಗ ನನ್ನ ಬಾಯಿ ಸುಮ್ನಿರ್ಬಾರ್ದಿತ್ತಾ? "ಅಲ್ಲಿ ಹೆಂಗಸ್ರಿಗೆ ದೇಶದ ಓಟು ಸಿಕ್ಕಿದ್ದೇ 1971ರಲ್ಲಿ" ಅಂದ್ಬಿಟ್ಟೆ.

ಅಂಕಲ್ ಮುಖ ಅರಳ್ತು. "ಎಂಥ ಚಂದದ ದೇಶ!"

ಆಂಟಿ ಸೌಟು ಕೆಳಗಿಟ್ರು. ಒಂದು ವಾರ ನೀರ್ದೋಸೆ ಬಂದ್. ಅಂಕಲ್‌ಗಲ್ಲ, ನಂಗೆ!

ಇವತ್ತು

ಅಂಕಲ್‌ಗೆ ಈ ಮನೆ ಮಾರಿ ಎರಡು ಗಂಟೆ ದೂರದ ರೆಡೊಂಡೊ ಬೀಚ್ ಅನ್ನೋ ಊರಲ್ಲಿರೋ ಮಗಳ ಹತ್ರ ಹೋಗೋ ಆಸೆ. ಆಂಟಿ ಸುತಾರಾಂ ಒಪ್ಪಲ್ಲ. ಒಂದು ತಿಂಗಳಿಂದ ಜಗಳ. ಇಬ್ರೂ ನನ್ನ ಕಡೆ ತಿರುಗಿ "ನೀನೇ ಹೇಳು" ಅನ್ನೋರು. ನಾನು "ಸ್ವಿಟ್ಜರ್ಲೆಂಡ್ ಥರ ತಟಸ್ಥ" ಅಂತ ಜಾರ್ಕೋತಿದ್ದೆ. ಇನ್ನು ಮೂರು ವಾರಕ್ಕೆ ಥೀಸಿಸ್ ಪರೀಕ್ಷೆ, ಈ ಟೈಮಲ್ಲಿ ಬೇರೆ ರೂಮ್ ಎಲ್ಲಿ ಹುಡುಕ್ಲಿ?

ಇವತ್ತು ತಿಂಡಿ ಹೊತ್ತಿಗೆ ಅಂಕಲ್, "ಅಲ್ಲಿ ಎಲ್ಲದಕ್ಕೂ ಜನರನ್ನೇ ಕೇಳ್ತಾರೆ ಅಂದಿದ್ದಿಯಲ್ಲ? ಕೈ ಎತ್ತುವ!" ಅಂದ್ರು. ಹೋಗೋಕೆ ಅವ್ರ ಕೈ, ಬೇಡ ಅನ್ನೋಕೆ ಆಂಟಿ ಕೈ. ಇಬ್ರೂ ನನ್ನೇ ನೋಡಿದ್ರು. ಅಂಕಲ್ ಕಡೆ ಎತ್ತಿದ್ರೆ ಮನೇನೇ ಹೋಗತ್ತೆ, ಆಂಟಿ ಕಡೆ ಎತ್ತಿದ್ರೆ ಅಂಕಲ್ ನನ್ನ ಇವತ್ತೇ ಓಡಿಸ್ತಾರೆ! ಎರಡೂ ಕೈ ಟೇಬಲ್ ಕೆಳಗೆ ತೂರಿಸಿ, "ನಾನು ತಟಸ್ಥ" ಅಂದೆ.

"ಆ ಸ್ವಿಟ್ಜರ್ಲೆಂಡಿನವ್ರು ತಟಸ್ಥರಾದ್ರೂ ಸೈನ್ಯ ಇಟ್ಕೊಂಡಿದ್ದಾರೆ ಅಂತ ನೀನೇ ಹೇಳಿದ್ದು. ನಿನ್ನತ್ರ ಎಂಥ ಉಂಟು?"

"ರೈಸ್ ಕುಕ್ಕರ್, ಅಂಕಲ್."

"ಅದೂ ನಂದು" ಅಂದ್ರು ಆಂಟಿ.

ತಿಂಗಳಲ್ಲಿ ಮೊದಲ್ನೇ ಸಲ ಇಬ್ರೂ ಒಂದಾದ್ರು ರೀ! ನಾನು ಕೈ ಎತ್ತೋವರೆಗೂ ನಂಗೆ ತಿಂಡಿನೂ ಇಲ್ಲ, ಊಟನೂ ಇಲ್ವಂತೆ, ಸಂಜೆ ಆರಕ್ಕೆ ಮತ್ತೆ ಓಟಂತೆ. ಹೊರಗೆ ಗ್ಯಾರೇಜ್ ಮುಂದೆ ಹಸ್ಕೊಂಡು ನಿಂತಿದೀನಿ. ಹೇಳಿ, ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನ್ ಮಾಡ್ತಿದ್ರಿ?