ಕೆಂಗಲ್ಲಾಪುರದ ಮೌನಾಚರಣೆ

ಹಾಲೇಶನ ಫಜೀತಿಗೆಲ್ಲ ಕಾರಣವಾದದ್ದು ಒಂದೇ ಒಂದು ನಿಮಿಷ. ಅದೂ ಯಾರೂ ಬಾಯಿ ತೆರೆಯಬಾರದಾಗಿದ್ದ ಒಂದು ನಿಮಿಷ.

ಹೊಸಪೇಟೆಯ ಲಾರಿ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ಹಾಲೇಶ, ಭಾನುವಾರ ಬಂತೆಂದರೆ ಕರಿ ಅಂಗಿ, ಕರಿ ಚಡ್ಡಿ ತೊಟ್ಟು ಫುಟ್‌ಬಾಲ್ ರೆಫರಿಯಾಗುತ್ತಿದ್ದ. ಆಫೀಸಿನಲ್ಲಿ ಅವನ ಮಾತಿಗೆ ಲಾರಿ ಕ್ಲೀನರುಗಳೂ ಕಿವಿಗೊಡುತ್ತಿರಲಿಲ್ಲ. ಮೈದಾನದಲ್ಲಾದರೋ ಒಂದು ಸೀಟಿಗೆ ಇಪ್ಪತ್ತೆರಡು ಜನ ನಿಂತಲ್ಲೇ ನಿಲ್ಲುತ್ತಿದ್ದರು. ಹೀಗಾಗಿ ಭೂಮಿಯ ಮೇಲಿನ ಯಾವ ಜಗಳವನ್ನೂ ತಾನು ಬಗೆಹರಿಸಬಲ್ಲೆ ಎಂಬ ಧೈರ್ಯ ಅವನಲ್ಲಿ ಬೇರುಬಿಟ್ಟಿತ್ತು. ಬಂಡ್ರಿಯಿಂದಾಚೆಯ ಕೆಂಗಲ್ಲಾಪುರದವರು ಕರೆದಾಗ ಹೆಂಡತಿ ಸುನಿತಾ, "ಆ ಊರು ಬ್ಯಾಡ್ರಿ. ಎರಡು ಕೇರಿಯವ್ರು ಹಾವು ಮುಂಗುಸಿ ಇದ್ದಂಗ ಅದಾರ," ಅಂದಳು.

"ಹಾವಿಗಾದ್ರೂ ಮುಂಗುಸಿಗಾದ್ರೂ ಆಫ್‌ಸೈಡ್ ಒಂದೇ," ಎಂದು ನಕ್ಕು ಹಾಲೇಶ ಬಸ್ಸು ಹತ್ತಿದ.

ಮೇಲಿನ ಕೇರಿಯವರು ಬಸವಣ್ಣನ ಭಕ್ತರು, ಹಣೆಗೆ ಅಡ್ಡ ವಿಭೂತಿ. ಕೆಳಗಿನ ಕೇರಿಯವರು ಹನುಮಪ್ಪನ ಭಕ್ತರು, ಹಣೆಗೆ ಉದ್ದ ನಾಮ. ಎಪ್ಪತ್ತೊಂದರ ಯುದ್ಧದಲ್ಲಿ ಮೇಲಿನ ಕೇರಿಯ ಅಂದಾನಪ್ಪ, ಕೆಳಗಿನ ಕೇರಿಯ ಅಂಜಿನಯ್ಯ ಇಬ್ಬರೂ ತೀರಿಕೊಂಡಿದ್ದರು. ಇಬ್ಬರ ಸಾವಿನ ತಂತಿಯೂ ಒಂದೇ ದಿನ, ಒಬ್ಬನೇ ಪೋಸ್ಟ್‌ಮನ್ನನ ಚೀಲದಲ್ಲಿ ಊರಿಗೆ ಬಂದಿತ್ತು. ಅವರ ನೆನಪಿಗೆಂದು ವರ್ಷಕ್ಕೊಮ್ಮೆ ಎರಡು ಕೇರಿಗಳ ನಡುವೆ ಪಂದ್ಯ ನಡೆಯುತ್ತಿತ್ತು. ಪ್ರತಿ ವರ್ಷವೂ ಯಾರದಾದರೊಂದು ಹಲ್ಲು ಬೀಳುತ್ತಿತ್ತು. ಈ ಸಲ ಯಾರೋ ಟಿವಿಯಲ್ಲಿ ನೋಡಿ, ಪಂದ್ಯಕ್ಕೆ ಮುಂಚೆ ಒಂದು ನಿಮಿಷದ ಮೌನವನ್ನು ಹೊಸದಾಗಿ ಸೇರಿಸಿದ್ದರು.

ಅದಿರಿನ ಧೂಳು ಕುಡಿದು ಕೆಂಪಾಗಿದ್ದ ಬಯಲಿನ ನಟ್ಟನಡುವೆ ಒಂದು ಕುರ್ಚಿ, ಅದರ ಪಕ್ಕದ ಮೇಜಿನ ಮೇಲೆ ಇಬ್ಬರು ಸೈನಿಕರ ಫೋಟೊ, ಮುಂದೆ ಊದಿನಕಡ್ಡಿ. ಹಾಲೇಶನ ಕೊರಳಿಗೆ ಚೆಂಡುಹೂವಿನ ದಪ್ಪ ಹಾರ ಬಿತ್ತು. ಅವನು ಮೈಕು ಹಿಡಿದು ಗಂಟಲು ಸರಿಮಾಡಿಕೊಂಡ.

"ಮೊದ್ಲು ಅಂದಾನಪ್ಪನ ಹೆಸರು ಹೇಳ್ರಿ," ಎಂದ ಮೇಲಿನ ಕೇರಿಯ ಮುಖಂಡ ಮಲ್ಲೇಶ್. "ತಂತಿ ಮೊದ್ಲು ಮುಟ್ಟಿದ್ದು ನಮ್ಮ ಕೇರಿಗೆ."

"ಅದ್ಹೆಂಗ?" ಕೆಳಗಿನ ಕೇರಿಯ ಮುಖಂಡ ಪಕೀರಪ್ಪ ತೋಳು ಮಡಚಿದ. "ಪೋಸ್ಟ್‌ಮನ್ ನಮ್ಮ ಕೇರಿ ದಾಟೇ ನಿಮ್ಮ ಕೇರಿಗೆ ಬರಬೇಕು. ಅವನೇನು ವಿಮಾನದಾಗ ಬಂದಿದ್ನಾ?"

"ಜಗಳ ಯಾಕ್ರಿ? ಅಕ್ಷರಮಾಲೆ ಪ್ರಕಾರ ಹೇಳೋಣ," ಎಂದ ಹಾಲೇಶ. ಎರಡೂ ಹೆಸರು 'ಅಂ' ಎಂದೇ ಶುರುವಾಗುತ್ತವೆಂಬುದು ಆಮೇಲೆ ಹೊಳೆಯಿತು. ಎರಡನೆಯ ಅಕ್ಷರಕ್ಕೆ ಹೋದರೆ 'ದ'ಕ್ಕಿಂತ 'ಜ' ಮುಂದಿತ್ತು. ಪಕೀರಪ್ಪನ ಕಡೆಯವರು ಸಿಳ್ಳೆ ಹೊಡೆದರು.

"ಸಾಲಿ ಮಾಸ್ತರ ನಿಮ್ಮ ಕೇರಿಯವ. ಅಕ್ಷರಮಾಲೆನೂ ನಿಮ್ಮ ಕಡೆನೇ ಇರ್ತೈತಿ!" ಎಂದು ಮಲ್ಲೇಶ್ ಮೈಕು ಕಿತ್ತುಕೊಳ್ಳಲು ಬಂದ.

ಹಾಲೇಶ ಎದೆಗುಂದಲಿಲ್ಲ. ಒಬ್ಬೊಬ್ಬರಿಗೆ ಬೇರೆ ಬೇರೆ ಒಂದೊಂದು ನಿಮಿಷ, ಮಲ್ಲೇಶನ ಸಮಾಧಾನಕ್ಕೆ ಮೊದಲ ನಿಮಿಷ ಅಂದಾನಪ್ಪನದು ಎಂದು ತೀರ್ಪಿತ್ತ. ಅಂದಾನಪ್ಪನ ನಿಮಿಷ ಅರ್ಧ ಕಳೆದಿರಲಿಲ್ಲ, ಕೆಳಗಿನ ಕೇರಿಯ ಗೋಲ್‌ಕೀಪರನ ಚಡ್ಡಿಯೊಳಗಿಂದ ಮೊಬೈಲು ಹನುಮಪ್ಪನ ಭಜನೆ ಹಾಡತೊಡಗಿತು. ಹಾಲೇಶ ಅವನಿಗೆ ಹಳದಿ ಕಾರ್ಡು ತೋರಿಸಿ, ಅಂದಾನಪ್ಪನಿಗೆ ಅರ್ಧ ನಿಮಿಷ ಹೆಚ್ಚುವರಿ ಮೌನ ಕೊಟ್ಟ. ಅಂಜಿನಯ್ಯನ ಸರದಿಯಲ್ಲಿ ಮೇಲಿನ ಕೇರಿಯ ಬ್ಯಾಕ್ ಆಟಗಾರ ಕೆಮ್ಮಿದ. ಅದು ಧೂಳಿನ ಕೆಮ್ಮೋ ಬೇಕೆಂದೇ ಕೆಮ್ಮಿದ್ದೋ ಎಂಬ ಚರ್ಚೆ ಕಾಲು ಗಂಟೆ ನಡೆದು, ಅಂಜಿನಯ್ಯನಿಗೂ ಅರ್ಧ ನಿಮಿಷ ಸಿಕ್ಕಿತು. ಆ ಅರ್ಧ ನಿಮಿಷದಲ್ಲಿ ಯಾರೋ ನಕ್ಕರು. ಇಪ್ಪತ್ತೆರಡು ಜನ ಅಂಗಿ ತೋಳು ಮೇಲೇರಿಸಿದರು.

ಆಗ ಹಾಲೇಶನ ತಲೆಯಲ್ಲಿ ಮಿಂಚಿತು. ಆ ಕ್ಷಣಕ್ಕೆ ಅವನಿಗೆ ತನ್ನ ಮೇಲೆ ತನಗೇ ಹೆಮ್ಮೆಯೆನಿಸಿತು.

"ಕೇಳ್ರಪ್ಪಾ! ಇನ್ಮ್ಯಾಲೆ ಇಬ್ಬರಿಗೂ ಕೂಡಿ ಒಂದೇ ಮೌನ, ಅದಕ್ಕ ಇಂತಿಷ್ಟೇ ಟೈಮ್ ಅಂತಿಲ್ಲ. ಎರಡೂ ಟೀಮು, ಇಬ್ಬರು ಮುಖಂಡರು, ನಾನು, ಎಲ್ಲರೂ ಸುಮ್ನಿರಬೇಕು. ಯಾವ ಕಡೆಯವ್ರು ಮೊದ್ಲು ಬಾಯಿ ಬಿಡ್ತಾರೋ ಅವ್ರು ಸೋತಂಗ. ಗೆದ್ದವ್ರ ಸೈನಿಕನ ಹೆಸರು ಮೊದ್ಲು!"

ಕೆಂಗಲ್ಲಾಪುರದವರ ಬಾಯಿ ಗೊತ್ತಿದ್ದ ಅವನು ಇದು ಎರಡು ನಿಮಿಷದಲ್ಲಿ ಮುಗಿಯುತ್ತದೆಂದು ಲೆಕ್ಕ ಹಾಕಿದ್ದ. ಸೀಟಿ ಊದಿ, ಕುರ್ಚಿಯಲ್ಲಿ ಕೂತ.

ಐದು ನಿಮಿಷವಾಯಿತು. ಹತ್ತಾಯಿತು. ಒಬ್ಬನೂ ತುಟಿ ಪಿಟಕ್ಕೆನ್ನಲಿಲ್ಲ. ಮಲ್ಲೇಶನೂ ಪಕೀರಪ್ಪನೂ ಹೊಸ ಅಳಿಯಂದಿರ ಹಾಗೆ ಬಿಗಿದುಕೊಂಡು ಎದುರುಬದುರು ನಿಂತಿದ್ದರು. ಚಹಾದವನು ಸನ್ನೆಯಲ್ಲೇ ಸಕ್ಕರೆ ಎಷ್ಟೆಂದು ಕೇಳಿ ಹೋದ. ಅರ್ಧ ಗಂಟೆಯ ಮೇಲೆ, ಹಾಲೇಶ ಹೊಸಪೇಟೆಗೆ ಮರಳಲು ಹಿಡಿಯಬೇಕಿದ್ದ, ಸಂಡೂರಿಗೆ ಹೋಗುವ ಕೊನೆಯ ಬಸ್ಸು ರಸ್ತೆಯಲ್ಲಿ ನಿಂತು ಹಾರ್ನು ಹೊಡೆಯಿತು. ಹಾಲೇಶ ಎರಡೂ ಕೈ ಎತ್ತಿ ಬೀಸಿದ. ಕಂಡಕ್ಟರು ಅದನ್ನು ಟಾಟಾ ಎಂದುಕೊಂಡು ತಾನೂ ಕೈಬೀಸಿ ರೈಟ್ ಹೇಳಿದ. ಸೀಟಿ ಊದಿ ಎಲ್ಲವನ್ನೂ ಮುಗಿಸೋಣವೆಂದರೆ, ಊದಿದವನೇ ಮೌನ ಮುರಿದಂತಾಗುತ್ತಿತ್ತು. ಹಾಲೇಶ ಕಣ್ಣು ಮುಚ್ಚಿ, ಎದೆಯ ಮೇಲೆ ಗದ್ದ ಊರಿ, ಸೋಲುವವರಿಗಾಗಿ ಕಾಯತೊಡಗಿದ.

ಅಂದಾನಪ್ಪನ ಹೆಂಡತಿ ಭೀಮವ್ವನಿಗೆ ಈಗ ಎಪ್ಪತ್ತೈದರ ಮೇಲೆ ವಯಸ್ಸು. ಪಂದ್ಯದ ದಿನ ಊರು ಇಷ್ಟು ಸುಮ್ಮನಿದ್ದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಏನೋ ಕೆಟ್ಟದ್ದಾಗಿದೆ ಎಂದು ಕೆಳಗಿನ ಕೇರಿಯ ಗೆಳತಿ ಹೊನ್ನೂರಮ್ಮನನ್ನೂ ಕರೆದುಕೊಂಡು ಬಯಲಿಗೆ ಬಂದಳು. ನೋಡಿದರೆ, ಕುರ್ಚಿಯಲ್ಲಿ ಕೂರಿಸಿದ ಒಬ್ಬ ಮನುಷ್ಯ. ಕೊರಳಲ್ಲಿ ಸೀಟಿ, ಹಾರ, ಜೋತುಬಿದ್ದ ತಲೆ, ಪಕ್ಕದಲ್ಲಿ ಊದಿನಕಡ್ಡಿ. ಸುತ್ತಲೂ ಊರ ಗಂಡಸರು ಮೂಕರಾಗಿ ನಿಂತಿದ್ದಾರೆ.

"ಅಯ್ಯೋ ಶಿವನೇ! ಯಾವಾಗ ಹೋತೋ ಜೀವ?"

ಪಕೀರಪ್ಪ ಗಾಬರಿಯಿಂದ ಫೋಟೊಗಳ ಕಡೆ ಕೈ ತೋರಿಸಿ, ಆಮೇಲೆ ಆಕಾಶ ತೋರಿಸಿದ. ಮಲ್ಲೇಶ್ ತುಟಿಯ ಮೇಲೆ ಬೆರಳಿಟ್ಟ.

"ಮನಿಯವರಿಗೆ ಇನ್ನೂ ಹೇಳಿಲ್ಲಂತ ಕಾಣ್ತೈತಿ," ಎಂದು ಹೊನ್ನೂರಮ್ಮ ಕಣ್ಣೊರೆಸಿಕೊಂಡಳು. ಭೀಮವ್ವ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ರಾಗ ತೆಗೆದಳು: "ಯಾವ ತಾಯಿ ಮಗನೋ ನನ್ನಪ್ಪಾ, ಸೀಟಿ ಊದಾಕ ಬಂದು ಉಸಿರ ನಿಂದ್ರಿಸಿದೆಲ್ಲೋ!"

ಅಳುತ್ತಿರುವುದು ತನಗಾಗಿಯೇ ಎಂದು ಹಾಲೇಶನಿಗೆ ಹೊಳೆಯಿತು. ಆದರೂ ಅವನು ರೆಫರಿ. ತಾನೇ ಮಾಡಿದ ನಿಯಮವನ್ನು ತಾನೇ ಮುರಿಯುವುದೆಂತು? ಕಣ್ಣು ಬಿಟ್ಟು ನೋಡೋಣವೆಂದರೆ, ಅಷ್ಟರಲ್ಲಿ ಭೀಮವ್ವ ಅವನ ಹಣೆಗೂ ರೆಪ್ಪೆಗೂ ಸೇರಿಸಿ ವಿಭೂತಿ ಬಳಿದಿದ್ದಳು. ಹೊನ್ನೂರಮ್ಮ ಸುಮ್ಮನಿರುತ್ತಾಳೆಯೇ? ಅದರ ಮೇಲೆ ಉದ್ದಕ್ಕೊಂದು ಕುಂಕುಮದ ಗೆರೆ ಎಳೆದಳು.

"ಯಾಕ ಎಳೆದೆ? ಮುಖ ನೋಡಿದ್ರ ಗೊತ್ತಾಗಂಗಿಲ್ಲೇನು, ನಮ್ಮ ಪೈಕಿ. ಹಿಂಗ ಕುಂತಂಗ ಮಣ್ಣು ಮಾಡ್ಬೇಕು," ಎಂದಳು ಭೀಮವ್ವ.

"ನಮ್ಮ ಪೈಕಿ ಇದ್ದಂಗ ಐತಿ. ಸುಡಬೇಕು. ಕಟಿಗಿ ತರಿಸ್ತೀನಿ ತಡಿ."

"ಮಣ್ಣು!"

"ಕಟಿಗಿ!"

"ಯವ್ವಾ, ನಾನಿನ್ನೂ ಸತ್ತಿಲ್ಲಬೇ!" ಎಂದು ಹಾಲೇಶ ಕುರ್ಚಿಯಿಂದ ಹಾರಿದ.

ಹೊನ್ನೂರಮ್ಮ ದೆವ್ವ ಕಂಡವಳಂತೆ ಕಿರುಚಿದಳು. ಮುಕ್ಕಾಲು ಗಂಟೆ ತಡೆದಿಟ್ಟಿದ್ದ ಮಾತು ಕಟ್ಟೆಯೊಡೆದಂತೆ ಎರಡೂ ಕಡೆಯಿಂದ ನುಗ್ಗಿತು.

"ರೆಫರಿನೇ ಬಾಯಿ ಬಿಟ್ಟ! ಸತ್ತವರಿಗೆ ಅವಮಾನ ಮಾಡಿದ!" ಎಂದ ಮಲ್ಲೇಶ್.

"ಹೌದು ಮತ್ತ! ಇನ್ನೊಂದು ಸ್ವಲ್ಪ ತಡ್ಕೊಳ್ಳಾಕ ಆಗ್ಲಿಲ್ಲೇನು?" ಎಂದ ಪಕೀರಪ್ಪ.

ಪಕೀರಪ್ಪ ಮಲ್ಲೇಶನ ಮಾತಿಗೆ ಹೌದು ಅಂದದ್ದು ಹುಟ್ಟಿದ ಮೇಲೆ ಅದೇ ಮೊದಲು. ಇಬ್ಬರೂ ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ ಮುಖ ಮುಖ ನೋಡಿಕೊಂಡರು.

ನಡೆದದ್ದನ್ನು ಕೇಳಿ ತಿಳಿದ ಭೀಮವ್ವ ಮೊದಲು ನಕ್ಕಳು. ಆಮೇಲೆ ಗಂಡನ ಫೋಟೊದ ಧೂಳನ್ನು ಸೆರಗಿನಿಂದ ಒರೆಸಿದಳು. ಪಕ್ಕದ ಫೋಟೊವನ್ನೂ ಒರೆಸಿದಳು.

"ಇವರಿಬ್ಬರಿಗೆ ಮೌನ ಅಂತ! ನನ್ನ ಗಂಡ ನಿದ್ದಿಯಾಗೂ ಮಾತಾಡ್ತಿದ್ದ. ಅಂಜಿನಯ್ಯ ಅವನಿಗಿಂತ ಒಂದು ಕೈ ಮುಂದ. ಇದೇ ಬಯಲಾಗ ಇಬ್ಬರೂ ಒಂದೇ ಕಡೆ ಆಡ್ತಿದ್ರು. ಆಗ ಊರಿಗೆಲ್ಲ ಇದ್ದಿದ್ದು ಒಂದೇ ಟೀಮು. ಮಿಲಿಟ್ರಿಗೆ ಹೊಂಟ ದಿನ ಲಾರಿ ಮ್ಯಾಲೆ ನಿಂತು, ಹೆಗಲಿಗೆ ಹೆಗಲು ಕೊಟ್ಟು, ಗುಡ್ಡ ಮಾರ್ದನಿ ಕೊಡೋ ಹಂಗ ಕೂಗಿದ್ರು. ನನಗ ಉಳಿದಿದ್ದು ಆ ಕೂಗೊಂದೇ. ಅದರ ಬಾಯಿನೂ ಮುಚ್ಚಾಕ ಹೊಂಟೀರೇನು?"

ಈಗ ಯಾರೂ ಹೇಳದಿದ್ದರೂ ಎಲ್ಲರೂ ಸುಮ್ಮನಾದರು. ಅದು ಸರಿಯಾಗಿ ಒಂದು ನಿಮಿಷವಿದ್ದೀತು. ಯಾರೂ ಗಡಿಯಾರ ನೋಡಲಿಲ್ಲ.

ಆಮೇಲೆ ಮಲ್ಲೇಶ್, "ಅಂಜಿನಯ್ಯಾ!" ಎಂದು ಕೂಗಿದ. ಪಕೀರಪ್ಪ, "ಅಂದಾನಪ್ಪಾ!" ಎಂದ. ಇಪ್ಪತ್ತೆರಡು ಜನರನ್ನು ಕಲಸಿ, ಎರಡೂ ಕೇರಿಯವರು ಎರಡೂ ಕಡೆ ಬರುವಂತೆ ಹಂಚಿದರು. ಇದೆಲ್ಲ ತನ್ನ ಉಪಾಯದ ಫಲವೆಂದು ಹಾಲೇಶ ಬೀಗಿದ. ಹಣೆಯ ಮೇಲಿನ ಅಡ್ಡ, ಉದ್ದ ಎರಡೂ ಗೆರೆಗಳೊಂದಿಗೆ ಸಂಜೆಯ ಬೆಳಕಲ್ಲೇ ಪಂದ್ಯ ಆಡಿಸಿ, ಎಂಟನೆಯ ನಿಮಿಷಕ್ಕೆ ಧೈರ್ಯವಾಗಿ ಒಂದು ಪೆನಾಲ್ಟಿ ಕೊಟ್ಟ.

ಹಿಂದಾಗಿದ್ದರೆ ಅರ್ಧ ಊರು ಬೈದು, ಇನ್ನರ್ಧ ಊರು ಚಪ್ಪಾಳೆ ತಟ್ಟುತ್ತಿತ್ತು. ಈಗ ಎರಡೂ ತಂಡದಲ್ಲಿ ಎಲ್ಲರ ಮಕ್ಕಳೂ ಇದ್ದರು. ಹೀಗಾಗಿ ಇಡೀ ಊರು ಒಂದೇ ಕಂಠದಲ್ಲಿ ರೆಫರಿಯನ್ನು ಬೈಯಿತು. ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಭೀಮವ್ವನ ದನಿ.

ಬಸ್ಸಂತೂ ಹೋಗಿತ್ತು. ಮಲ್ಲೇಶ್ ಬೈಕು ತೆಗೆದ, ಪಕೀರಪ್ಪ ಹಿಂದೆ ಹತ್ತಿದ, ಹಾಲೇಶ ಇಬ್ಬರ ನಡುವೆ ಮಿರ್ಚಿ ಭಜಿಯೊಳಗಿನ ಮೆಣಸಿನಕಾಯಿಯಂತೆ ಸಿಕ್ಕಿಕೊಂಡ.

"ಅದ್ಹೆಂಗ ಪೆನಾಲ್ಟಿ ಆಗ್ತೈತ್ರಿ?" ಎಂದ ಮಲ್ಲೇಶ್ ಮುಂದಿನಿಂದ.

"ಕಣ್ಣು ಮುಚ್ಚಿಕೊಂಡೇ ಸೀಟಿ ಊದಿದ್ರೇನು?" ಎಂದ ಪಕೀರಪ್ಪ ಹಿಂದಿನಿಂದ.

"ನೋಡ್ರಿ, ನಿಯಮ ಏನ್ ಹೇಳ್ತೈತಿ ಅಂದ್ರ..." ಎಂದು ಹಾಲೇಶ ಗಂಟಲು ಸರಿಮಾಡಿಕೊಂಡ.

"ನೀವು ಸುಮ್ನ ಕುಂದ್ರಿ!" ಎಂದು ಎರಡೂ ಕೇರಿಗಳು ಒಟ್ಟಿಗೆ ಗದರಿದವು. ಸಂಡೂರು ಇನ್ನೂ ದೂರವಿತ್ತು.